ಒಂಬತ್ತು ಮೀಟರ್ ಚಳಿ

ಯಂತ್ರದಲ್ಲಿ ಏನೂ ಕೆಟ್ಟಿಲ್ಲ ಎಂದು ಎಂಜಿನಿಯರ್ ಮೂರನೆಯ ಸಲ ಹೇಳಿದಾಗ ಆಸ್ಪತ್ರೆಯ ತಂತ್ರಜ್ಞನಾದ ಅವನು ತನ್ನ ಎಡಗೈಯನ್ನು ಮೆಲ್ಲಗೆ ಬಿಳಿ ಕೋಟಿನ ಜೇಬಿಗೆ ಇಳಿಸಿದ. ಕದ್ದ ಸಾಮಾನನ್ನು ಬಚ್ಚಿಟ್ಟ ಹಾಗೆ ಬಚ್ಚಿಟ್ಟೆನಲ್ಲ ಎಂದು ಅವನಿಗೇ ನಾಚಿಕೆಯಾಯಿತು. ವರ್ಷಕ್ಕೊಮ್ಮೆ ಬಂದು ನರಪರೀಕ್ಷೆಯ ಯಂತ್ರದ ಹೊಟ್ಟೆ ಬಿಚ್ಚಿ, ಧೂಳು ಹೊಡೆದು, ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋಗುವುದಷ್ಟೇ ಎಂಜಿನಿಯರನ ಕೆಲಸ. ಹಳಬ ನಿವೃತ್ತನಾಗಿ ಈ ಸಲ ಹೊಸಬ ಬಂದಿದ್ದ. ಹೊಸಬರಿಗೆ ಇರುವ ಚಪಲದಿಂದ, ಯಾರೂ ತೆರೆಯದ ಪುಟವೊಂದನ್ನು ಪರದೆಯ ಮೇಲೆ ತೆರೆದು, “ಇದ್ಯಾರು ಸಾರ್ ಇಲ್ಲಿ ಒಂಬತ್ತು ಹಾಕಿದ್ದು?” ಎಂದು ಕೇಳಿದ್ದ.

“ಅದು ಚಳಿ ತಿದ್ದುಪಡಿ. ಕೈ ತಣ್ಣಗಿದ್ರೆ ನರ ನಿಧಾನ ಆಗುತ್ತಲ್ಲ, ಅದನ್ನ ಸರಿದೂಗಿಸೋಕೆ. ಈ ರೂಮು ವಿಪರೀತ ಚಳಿ.”

ಎಂಜಿನಿಯರ್ ತನ್ನ ಅಂಗೈಗೂ ಇವನ ಅಂಗೈಗೂ ಶಾಖ ಅಳೆಯುವ ಬಿಲ್ಲೆ ಅಂಟಿಸಿ ನೋಡಿದ. ಇಬ್ಬರ ಕೈಯೂ ಬೆಚ್ಚಗೇ ಇತ್ತು. “ಸೆಕೆಂಡಿಗೆ ಒಂಬತ್ತು ಮೀಟರ್ ಕಡಿಮೆ ಆಗ್ಬೇಕಂದ್ರೆ ಕೈನ ಐಸ್ ಡಬ್ಬಿಯಲ್ಲಿ ಇಟ್ಟು ತೆಗೀಬೇಕು ಸಾರ್,” ಎಂದು ನಕ್ಕು, ಒಂಬತ್ತನ್ನು ಅಳಿಸಿ ಸೊನ್ನೆ ಮಾಡಿದ. ತನ್ನ ಕೈಯನ್ನು ಪರೀಕ್ಷಿಸಿಕೊಂಡ: ಐವತ್ತೇಳು. ಇವನ ಕೈಯನ್ನು ಪರೀಕ್ಷಿಸಿದ: ನಲವತ್ತೇಳು. ಟೇಪು ಹಿಡಿದು ಮೊಣಕೈಯಿಂದ ಮಣಿಕಟ್ಟಿನವರೆಗಿನ ದೂರವನ್ನು ಇನ್ನೊಮ್ಮೆ ಅಳೆದ. ಮತ್ತೆ ನಲವತ್ತೇಳು. ಐವತ್ತಕ್ಕಿಂತ ಕೆಳಗಿದ್ದರೆ ರೋಗ ಎಂದು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದೆ, ಬರೆದವನು ಇವನೇ. ಎಂಜಿನಿಯರ್ ಅದನ್ನು ಓದಿದ, ಇವನ ಮುಖ ನೋಡಿದ, ಮರ್ಯಾದಸ್ಥನಾದ್ದರಿಂದ ಕಾಗದದ ಕಡೆ ತಿರುಗಿ, “ಯಂತ್ರ ಸರಿಯಿದೆ ಅಂತ ಇಲ್ಲೊಂದು ಸಹಿ ಹಾಕ್ಬಿಡಿ,” ಎಂದ. ಪೆನ್ನು ಬೆರಳಿನ ಸಂದಿಯಲ್ಲಿ ಜಾರಿ ಸಹಿ ಸೊಟ್ಟಗಾಯಿತು. ಸಹಿ ಸೊಟ್ಟಗಾಗುತ್ತಿದ್ದುದು ಇವತ್ತು ನಿನ್ನೆಯದಲ್ಲ. ಪೆನ್ನು ಸರಿಯಿಲ್ಲ ಎಂದು ಅವನು ಎರಡು ವರ್ಷದಲ್ಲಿ ಹದಿನಾಲ್ಕು ಪೆನ್ನು ಬದಲಾಯಿಸಿದ್ದ.

ಎಂಜಿನಿಯರ್ ಹೋದ ಮೇಲೆ ಅವನು ರೋಗಿಗಳ ಮಂಚದ ಮೇಲೆ ಕುಳಿತುಕೊಂಡ. ಎದುರಿನ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ, ಅವನ ಕೈನರದ ಓಟವನ್ನು ಯಂತ್ರ ಬಿಡಿಸಿದ್ದ ಗೆರೆ ತೂಗುತ್ತಿತ್ತು. ಹದಿನೆಂಟು ವರ್ಷದ ಹಿಂದೆ ಯಂತ್ರ ಈ ಕೋಣೆಗೆ ಬಂದ ದಿನ ದೊಡ್ಡ ಡಾಕ್ಟರು ಎಲ್ಲ ಸಿಬ್ಬಂದಿಯನ್ನೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕೈಗೂ ಕರೆಂಟು ಕೊಟ್ಟು ನೋಡಿದ್ದರು. ಅಡಿಗೆಯವನದು ಹೆಚ್ಚು, ಗುಮಾಸ್ತೆಯದು ಕಡಿಮೆ, ದೊಡ್ಡ ಡಾಕ್ಟರದ್ದು ಅವರು ಯಾರಿಗೂ ತೋರಿಸಲಿಲ್ಲ. ಇವನದು ಬಂದಾಗ ಮಾತ್ರ ಕನ್ನಡಕವನ್ನು ಹಣೆಗೇರಿಸಿ, “ಐವತ್ತಾರು! ಪುಸ್ತಕದಲ್ಲಿ ಬರೆದಂಗಿದೆ ಕಣಯ್ಯಾ ನಿನ್ನ ಕೈ,” ಎಂದಿದ್ದರು. ಅಲ್ಲಿಯವರೆಗೆ ಅವನ ಯಾವ ಅಂಗವನ್ನೂ ಯಾರೂ ಹೊಗಳಿರಲಿಲ್ಲ. ಅಂದಿನಿಂದ ಕೋಣೆಯ ಪದ್ಧತಿಯೇ ಹೀಗಾಯಿತು: ಬೆಳಿಗ್ಗೆ ಬಂದ ಕೂಡಲೇ ಅವನು ತನ್ನ ಎಡಗೈಯನ್ನು ಪರೀಕ್ಷಿಸಿಕೊಳ್ಳಬೇಕು, ಐವತ್ತಾರು ಬಂದರೆ ಯಂತ್ರ ಸರಿ, ರೋಗಿಗಳನ್ನು ಒಳಗೆ ಬಿಡಬಹುದು. ಕಲಿಯುವ ಹುಡುಗಿಯರು ತಂಡ ತಂಡವಾಗಿ ಬಂದು ಅವನ ಕೈಯನ್ನು ಹಿಡಿದು ನೋಡಿ ಹೋಗುತ್ತಿದ್ದರು. ಅವನು ಅವರಿಗೆ ಹೇಳುತ್ತಿದ್ದ: ನರವೆಂದರೆ ವೈರು, ಅದರ ಮೇಲೆ ಕೊಬ್ಬಿನ ಹೊದಿಕೆ, ಹೊದಿಕೆ ಉದ್ದಕ್ಕೂ ಒಂದೇ ಸಮ ಇರುವುದಿಲ್ಲ, ನಡುನಡುವೆ ಸಂದು, ಸುದ್ದಿ ಆ ಸಂದಿನಿಂದ ಈ ಸಂದಿಗೆ ಹಾರಿಕೊಂಡು ಓಡುತ್ತದೆ. ಹೊದಿಕೆ ಸವೆದರೆ ಹಾರಲಾಗದೆ ನಡೆದುಕೊಂಡು ಹೋಗುತ್ತದೆ. ನಡೆದುಕೊಂಡು ಹೋಗುವುದನ್ನೇ ನಾವು ರೋಗ ಎನ್ನುವುದು. ಆಸ್ಪತ್ರೆಯಲ್ಲಿ ಅವನ ಹೆಸರೇ ‘ನಾರ್ಮಲ್’ ಎಂದಾಗಿಹೋಯಿತು. ನಾರ್ಮಲ್ ಸಾರ್ ಬಂದ್ರಾ, ನಾರ್ಮಲ್ ಸಾರ್ ಊಟಕ್ಕೆ ಹೋದ್ರಾ ಎಂದು ಕೇಳುತ್ತಿದ್ದರು. ಮನೆಯಲ್ಲಿ ಅವನ ಹೆಂಡತಿ, “ಆ ಕೈನ ಆಸ್ಪತ್ರೇಲೇ ಬಿಟ್ಟು ಬನ್ನಿ, ಪಾತ್ರೆ ತೊಳೆಯೋಕೆ ಬಲಗೈ ಸಾಕು,” ಎಂದು ರೇಗಿಸುತ್ತಿದ್ದಳು.

ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಐವತ್ತೈದು ಬಂತು. ಕೈಯನ್ನು ಬಿಸಿನೀರಿನಲ್ಲಿ ಅದ್ದಿ ನೋಡಿದ, ಉಜ್ಜಿ ನೋಡಿದ, ಐವತ್ತೈದೇ. ತನ್ನ ಕೈ ತಪ್ಪಿರಬಹುದು ಎಂದು ಅವನಿಗೆ ಹೊಳೆಯಲೇ ಇಲ್ಲ. ಮೊಳದ ಕೋಲು ತಾನೇ ಗಿಡ್ಡವಾಯಿತೆಂದು ಯಾವ ಅಂಗಡಿಯವನಾದರೂ ಅಂದುಕೊಳ್ಳುತ್ತಾನೆಯೇ? ತಪ್ಪು ಕೋಣೆಯದು, ಕೋಣೆಯ ಚಳಿಯದು. ಎ.ಸಿ. ರಿಪೇರಿಯವನನ್ನು ಕರೆಸಿ ಜಗಳವಾಡಿದ. ಅವನು ಏಣಿ ಹತ್ತಿ ಇಳಿದು, ಎಲ್ಲ ಸರಿಯಾಗಿದೆ ಎಂದು ಹೋದ ಮೇಲೆ, ಯಂತ್ರದಲ್ಲಿ ಚಳಿಗೆಂದೇ ಇದ್ದ ಖಾನೆಯಲ್ಲಿ ಇವನು ಒಂದು ಎಂದು ಒತ್ತಿದ. ಐವತ್ತಾರು ಬಂತು. ಮನಸ್ಸಿಗೆ ಎಷ್ಟು ಹಾಯೆನಿಸಿತೆಂದರೆ ಅವತ್ತು ಮೊದಲ ರೋಗಿಗೆ ತಾನೇ ಕುರ್ಚಿ ಎಳೆದುಕೊಟ್ಟ. ಐದಾರು ತಿಂಗಳಿಗೆ ಎರಡು, ಆಮೇಲೆ ಮೂರು. ಚಳಿ ಹೆಚ್ಚುತ್ತಲೇ ಹೋಯಿತು. ಅವನು ಸ್ವೆಟರ್ ಹಾಕಿಕೊಂಡು ಬರತೊಡಗಿದ. ಬೇಸಿಗೆಯಲ್ಲಿ ರೋಗಿಗಳು ಬೆವರು ಒರೆಸಿಕೊಳ್ಳುತ್ತ ಬಂದಾಗ, “ಒಳಗೆ ತುಂಬ ಚಳಿ, ನೋಡ್ಕೊಳ್ಳಿ,” ಎಂದು ಎಚ್ಚರಿಸುತ್ತಿದ್ದ. ತಮಾಷೆಯೆಂದರೆ ಅವನಿಗೆ ನಿಜವಾಗಿಯೂ ಚಳಿಯಾಗುತ್ತಿತ್ತು.

ಅಕ್ಕ ಬಂದದ್ದು ಖಾನೆಯಲ್ಲಿ ಆರು ಇದ್ದಾಗ. ಅದು ನೆನಪಾದದ್ದೇ ಅವನು ಮಂಚದಿಂದ ಎದ್ದು ಅಲಮಾರಿಯಲ್ಲಿ ಹಳೆಯ ರಿಜಿಸ್ಟರು ಹುಡುಕಿದ. ಎರಡು ವರ್ಷದ ಹಿಂದಿನ ಪುಟ, ಅಕ್ಕನ ಹೆಸರಿನ ಮುಂದೆ ಐವತ್ತು. ಐವತ್ತರಲ್ಲಿ ಆರು ಕಳೆಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಗೊತ್ತಿಲ್ಲದೆ ಅಲ್ಲ, ಬೇಡವಾಗಿತ್ತು. ಅಕ್ಕ ಆಗ ಹಲ್ಲು ಕಟ್ಟುವವರ ಕಡೆ ಕೆಲಸಕ್ಕೆ ಹೋಗುತ್ತಿದ್ದಳು. ಮೇಣದಲ್ಲಿ ಒಂದೊಂದೇ ಹಲ್ಲನ್ನು ಕೆತ್ತಿ, ಮುದುಕರ ಬಾಯಿಗೆ ಹೊಂದುವ ಸೆಟ್ಟು ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬೀದಿಯಲ್ಲಿ ಯಾರಾದರೂ ನಕ್ಕರೆ, “ಆ ನಗು ನಂದು,” ಎಂದು ಕಿವಿಯಲ್ಲಿ ಹೇಳುವಳು. ಅಂಥವಳ ಕೈಯಿಂದ ಹಲ್ಲುಗಳು ಉದುರತೊಡಗಿದವು. ಚಿಮಟದಲ್ಲಿ ಹಿಡಿದ ಕೋರೆಹಲ್ಲು ಜಾರಿ ಮೇಜಿನ ಕೆಳಗೆ ಹೋಗುವುದು, ಅವಳು ಮಂಡಿಯೂರಿ ಹುಡುಕುವುದು, ಜೊತೆಯವರು ಕಾಲೆತ್ತಿ ದಾರಿ ಬಿಡುವುದು. ಇದೇ ಮಂಚದ ಮೇಲೆ ಮಲಗಿ ಅವಳು ಹೇಳಿದ್ದಳು: “ಗ್ಲೌಸ್ ಹಾಕ್ಕೊಂಡು ಮುಟ್ಟಿದ ಹಾಗಿರುತ್ತೆ ಕಣೋ. ತೆಗೆದ್ರೂ ಗ್ಲೌಸ್ ಇದ್ದ ಹಾಗೇ ಇರುತ್ತೆ.” ಅವನು ಪರದೆ ನೋಡಿ, “ಐವತ್ತಿದೆ ಅಕ್ಕ, ಏನೂ ಇಲ್ಲ,” ಎಂದ. “ಮತ್ತೆ ಯಾಕೆ ಹಿಂಗಾಗುತ್ತೆ?” ಎಂದಳು. “ನರ ಸುಳ್ಳು ಹೇಳಲ್ಲ ಅಕ್ಕ,” ಎಂದ. ನರ ಹೇಳದಿದ್ದರೆ ಸುಳ್ಳು ಹೇಳುವವರು ಇನ್ನು ಯಾರು ಉಳಿದರು ಎಂದು ಅವಳು ಕೇಳಲಿಲ್ಲ. ಬಟ್ಟೆ ಸರಿಮಾಡಿಕೊಂಡು ಎದ್ದಳು. ದೊಡ್ಡ ಡಾಕ್ಟರು ಮನಸ್ಸಿನ ಡಾಕ್ಟರ ಬಳಿ ಕಳಿಸಿದರು. ಮನಸ್ಸಿನ ಡಾಕ್ಟರು ನಿದ್ದೆ ಬರುವ ಮಾತ್ರೆ ಕೊಟ್ಟು, ಮದುವೆಯ ಬಗ್ಗೆ ಕೇಳಿದರು. ಭಾವನಿಗೆ ಅದೊಂದು ಕೋಲು ಸಿಕ್ಕಿದಂತಾಯಿತು. ಕೆಲಸ ಬಿಟ್ಟಳು. ಕಳೆದ ವರ್ಷ ಮನೆಮಂದಿಯೆಲ್ಲ ಊಟಕ್ಕೆ ಕುಳಿತಾಗ ಅವಳ ಕೈಯಿಂದ ಗಾಜಿನ ಲೋಟ ಜಾರಿ ಒಡೆದು, ಭಾವ, “ಬಂತು ನೋಡಿ ಶುರುವಾಯ್ತು,” ಎಂದಾಗ ಎಲ್ಲರೂ ತೀರ್ಪಿಗಾಗಿ ಇವನ ಕಡೆ ನೋಡಿದ್ದರು. ಅವನು ನಕ್ಕಿದ್ದ. ತುಟಿಯ ಒಂದು ಕೊನೆಯಲ್ಲಿ, ಬಲ್ಲವರ ನಗು. ಈಗ ಆ ನಗುವನ್ನು ಮುಖದಿಂದ ಕಿತ್ತು ಹಾಕಬೇಕೆನಿಸಿ ಅವನು ಅಂಗೈಯಿಂದ ಬಾಯಿ ಉಜ್ಜಿಕೊಂಡ.

ದೊಡ್ಡ ಡಾಕ್ಟರು ಅವನ ಮಾತನ್ನು ಪೂರ್ತಿ ಕೇಳಿ, ಟೇಬಲ್ಲಿನ ಮೇಲಿದ್ದ ಪ್ಲಾಸ್ಟಿಕ್ಕಿನ ಮಿದುಳನ್ನು ಎರಡು ಹೋಳು ಮಾಡಿ, ಮತ್ತೆ ಜೋಡಿಸಿ, “ನೀನೇ ನಾರ್ಮಲ್ ಅಲ್ಲ ಅಂದ್ರೆ ನಾವೆಲ್ಲ ಏನಪ್ಪ?” ಎಂದರು.

“ನಾಲ್ಕು ವರ್ಷದ ರಿಪೋರ್ಟು ತಪ್ಪಿದೆ ಸಾರ್. ಎಲ್ಲಾರನ್ನೂ ಮತ್ತೆ ಕರೆಸ್ಬೇಕು. ನಮ್ಮಕ್ಕ...”

“ತಡಿ, ತಡಿ. ನಿನಗೆ ಏನಾದ್ರೂ ತೊಂದ್ರೆ ಇದೆಯಾ? ಬಟನ್ ಹಾಕ್ಕೊಳ್ತೀಯ ತಾನೆ?”

ಅವನ ಅಂಗಿಗೆ ಬಟನ್ನೇ ಇರಲಿಲ್ಲ. ತಲೆಯ ಮೇಲಿನಿಂದ ಹಾಕಿಕೊಳ್ಳುವ ಅಂಗಿ. ಮೂರು ವರ್ಷದಿಂದ ಅವನು ಬಟನ್ನಿನ ಅಂಗಿಯನ್ನೂ ದಾರದ ಷೂವನ್ನೂ ಕೊಂಡಿರಲಿಲ್ಲ. ಸೆಖೆಗೆ ಇದೇ ಆರಾಮ ಎಂದು ಹೆಂಡತಿಗೆ ಹೇಳಿದ್ದ, ಆಸ್ಪತ್ರೆಯಲ್ಲಿ ವಿಪರೀತ ಚಳಿ ಎಂದೂ ಅದೇ ಬಾಯಲ್ಲಿ ಹೇಳಿದ್ದ.

ಅರ್ಧ ಗಂಟೆಯಲ್ಲಿ ಸಭೆ ಸೇರಿತು. ದೊಡ್ಡ ಡಾಕ್ಟರು, ಆಡಳಿತಾಧಿಕಾರಿ, ಫೈಲನ್ನು ಎದೆಗವಚಿಕೊಂಡ ಗುಣಮಟ್ಟದ ಅಧಿಕಾರಿ. ಆಕೆ ಫೈಲು ಬಿಚ್ಚಿ, ಆಸ್ಪತ್ರೆಗೆ ಕೊಟ್ಟ ಪ್ರಮಾಣಪತ್ರದಲ್ಲಿ ಯಂತ್ರದ ನಿಖರತೆಗೆ ಆಧಾರವೆಂದು ಇವನ ಎಡಗೈಯನ್ನೇ ಬರೆದಿದೆ, ಆ ಕೈಗೆ ರೋಗ ಬಂದರೆ ಏನು ಮಾಡಬೇಕೆಂದು ಯಾವ ಪುಟದಲ್ಲೂ ಇಲ್ಲ ಎಂದರು. “ಅಂದ್ರೆ ಬರೋ ಹಾಗಿಲ್ಲ,” ಎಂದರು ಆಡಳಿತಾಧಿಕಾರಿ. ಬೇರೆ ಕೈ ಹುಡುಕಬಹುದಲ್ಲ ಎಂಬ ಮಾತು ಬಂತು. ಆಡಳಿತಾಧಿಕಾರಿ ತಮ್ಮ ಕೈಯನ್ನು ಮೇಜಿನಿಂದ ಕೆಳಗಿಳಿಸಿಕೊಂಡರು. ನಾಲ್ಕು ವರ್ಷದಲ್ಲಿ ನಾರ್ಮಲ್ ಎಂದು ಮನೆಗೆ ಹೋದವರೆಲ್ಲ ಖುಷಿಯಾಗಿ ಹೋಗಿದ್ದಾರೆ, ಅವರನ್ನು ಕರೆದು ಯಾಕೆ ಎದೆಗೆಡಿಸಬೇಕು ಎಂದು ದೊಡ್ಡ ಡಾಕ್ಟರು ಮೃದುವಾಗಿ ಕೇಳಿದರು. ಕೊನೆಗೆ ಗುಣಮಟ್ಟದ ಅಧಿಕಾರಿ ನಿರ್ಣಯ ಓದಿದರು: ಎಂಜಿನಿಯರನು ಅಳಿಸಿದ ಒಂಬತ್ತನ್ನು ನಾಳೆ ಬೆಳಿಗ್ಗೆ ಮರಳಿ ಹಾಕತಕ್ಕದ್ದು, ತಂತ್ರಜ್ಞರ ಎಡಗೈ ನಾರ್ಮಲ್ ಆಗಿ ಮುಂದುವರಿಯತಕ್ಕದ್ದು. ಒಪ್ಪುವವರು ಕೈ ಎತ್ತಿ ಎಂದರು. ಅವನಿಗೆ ಏನೋ ಹೇಳಬೇಕಿತ್ತು. ಹೇಳಲು ಅನುಮತಿ ಕೇಳೋಣವೆಂದು ಕೈ ಎತ್ತಿದ. “ಸರ್ವಾನುಮತ,” ಎಂದು ಬರೆದುಕೊಂಡು ಆಕೆ ಫೈಲು ಕಟ್ಟಿದರು. ಎಲ್ಲರೂ ಎದ್ದು ಅವನ ಬೆನ್ನು ತಟ್ಟಿ ಹೋದರು.

ನಾಳೆ ಬೆಳಿಗ್ಗೆ ಎಂದಿದ್ದಾರೆ. ಇವತ್ತು ಇನ್ನೂ ಸೊನ್ನೆಯೇ ಇದೆ ಎಂಬುದು ಅವನಿಗೆ ಮೆಟ್ಟಿಲಿಳಿಯುವಾಗ ಹೊಳೆಯಿತು. ಅಕ್ಕನಿಗೆ ಫೋನು ಮಾಡಿದ. ಅವಳು ಮಧ್ಯಾಹ್ನದ ಊಟ ಮುಗಿಸಿಕೊಂಡು, ತಲೆ ಬಾಚಿಕೊಂಡು, ತನ್ನ ಮೇಲೆ ಇನ್ಯಾವ ದೂರು ಬಂದಿದೆಯೋ ಎಂಬ ಮುಖ ಮಾಡಿಕೊಂಡು ಬಂದಳು. ಹೊರಗೆ ಬೆಂಚಿನ ತುಂಬ ರೋಗಿಗಳಿದ್ದರು. ಅವನು ಅವರನ್ನು ದಾಟಿಸಿ ಅಕ್ಕನನ್ನು ಒಳಗೆ ಕರೆದು, ಯಾರೂ ಬಂದು ನೋಡದಿರಲೆಂದು ಬಾಗಿಲನ್ನು ಎಳೆದು ಹಾಕಿದ. ಅವಳು ಕೇಳದೆಯೇ ಮಂಚದ ಮೇಲೆ ಮಲಗಿ ಕೈ ಚಾಚಿದಳು. ಹೆಬ್ಬೆರಳಿನ ಬುಡಕ್ಕೆ ಯಂತ್ರದ ತಂತಿಯ ಬಿಲ್ಲೆ ಅಂಟಿಸುವಾಗ ಅಲ್ಲಿಯ ಮಾಂಸ ಇಳಿದುಹೋಗಿ ಹಳ್ಳ ಬಿದ್ದಿದ್ದು ಕಾಣಿಸಿತು. ಅಷ್ಟು ದೊಡ್ಡ ಹಳ್ಳವನ್ನು ನೋಡಲು ಯಾವ ಯಂತ್ರವೂ ಬೇಕಿರಲಿಲ್ಲ. ಮಣಿಕಟ್ಟಿಗೆ ಕರೆಂಟು ಕೊಟ್ಟ, ಮೊಣಕೈಗೆ ಕೊಟ್ಟ. ಅವಳ ಬೆರಳು ಎರಡು ಸಲ ಕುಪ್ಪಳಿಸಿತು. ಪರದೆಯ ಮೇಲೆ ಗೆರೆ ತಡವಾಗಿ, ಸೋತು ಬಂದ ಹಾಗೆ ಬಂತು.

“ನಲವತ್ತು,” ಎಂದ.

“ಅಂದ್ರೆ?”

“ರೋಗ ಇದೆ ಅಕ್ಕ. ನರದ ಹೊದಿಕೆ ಸವೆದಿದೆ. ವಂಶದಲ್ಲೇ ಬಂದಿದ್ದಿರಬೇಕು, ಅಪ್ಪನ ಕಡೆಯಿಂದ. ಅಪ್ಪ ಎಡವಿ ಎಡವಿ ಬೀಳ್ತಿರಲಿಲ್ವಾ. ರಕ್ತ ಕೊಟ್ಟು ನೋಡಿಸಿದ್ರೆ ಖಾತ್ರಿ ಆಗುತ್ತೆ. ವಾಸಿ ಮಾಡೋ ಔಷಧಿ ಇಲ್ಲ. ಬೆರಳಿಗೆ ಪಟ್ಟಿ, ವ್ಯಾಯಾಮ, ಅಷ್ಟೇ. ಆ ನಿದ್ದೆ ಮಾತ್ರೆ ಮಾತ್ರ ಡಾಕ್ಟರನ್ನ ಕೇಳಿ ಮೆಲ್ಲಗೆ ಬಿಟ್ಬಿಡು, ಅದು ಬೇಕಿರಲಿಲ್ಲ. ಹೋದ ಸಲ ಯಂತ್ರ ತಪ್ಪು ತೋರಿಸ್ತು. ಯಂತ್ರ ಅಲ್ಲ... ನಾನೇ ತಪ್ಪು ತೋರಿಸಿದೆ.”

ಅವಳು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ಅವನು ತಯಾರಾಗಿದ್ದ. ಅಕ್ಕ ಎದ್ದು ಕುಳಿತು ನಕ್ಕಳು. ಮೈಯೆಲ್ಲ ಕುಲುಕಿಸಿಕೊಂಡು ನಕ್ಕಳು. “ಇದೆ ಅಂದ್ಯಾ? ನಿಜವಾಗ್ಲೂ ಇದೆಯಾ? ಬರೆದುಕೊಡು. ದೊಡ್ಡದಾಗಿ ಬರಿ, ನಿನ್ನ ಭಾವಂಗೆ ಕನ್ನಡಕ ಇಲ್ದೇ ಕಾಣ್ಬೇಕು.” ಅವನು ರಿಪೋರ್ಟು ತೆಗೆದು, ದೊಡ್ಡ ಡಾಕ್ಟರ ಸಹಿಯ ಜಾಗದಲ್ಲಿ ತಾನೇ ಸೊಟ್ಟಗೆ ಸಹಿ ಹಾಕಿದ. ಇಷ್ಟಕ್ಕೆ ಕೆಲಸ ಹೋಗಬಹುದು, ಹೋಗಲಿ ಎಂದುಕೊಂಡ, ಮೈ ಹಗುರಾಯಿತು. ಅಷ್ಟರಲ್ಲಿ ಅಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಭಾವನಿಗೆ ಹಚ್ಚಿಯಾಗಿತ್ತು: “ಕೇಳಿಸ್ತಾ, ರೋಗ ಇದೆಯಂತೆ ರೀ! ಔಷಧಿನೇ ಇಲ್ವಂತೆ!” ಮಗಳಿಗೆ ಗಂಡು ಗೊತ್ತಾದಷ್ಟು ಸಂಭ್ರಮ ಅವಳ ದನಿಯಲ್ಲಿ. ಆ ಸಂಭ್ರಮದಲ್ಲಿ ತನಗೂ ಪಾಲಿದೆ ಎನಿಸಿಬಿಟ್ಟಿತು ಅವನಿಗೆ. ಚಿಕ್ಕವರಿದ್ದಾಗ ಇಬ್ಬರಿಗೂ ಒಟ್ಟಿಗೇ ಜ್ವರ ಬಂದು ಒಂದೇ ಹೊದಿಕೆಯಲ್ಲಿ ಮಲಗಿದ್ದು ನೆನಪಾಗಿ, ಪ್ರೀತಿ ಉಕ್ಕಿ ಹೇಳಿದ: “ನಂಗೂ ಇದೆ ಅಕ್ಕ. ನಂದು ನಲವತ್ತೇಳು. ಅದೇ, ಗ್ಲೌಸ್ ಹಾಕಿದ ಹಾಗೆ. ಮೂರು ವರ್ಷ ಆಯ್ತು ನಾನು ಬಟನ್ ಹಾಕಿ.”

ಅಕ್ಕನ ನಗು ಒಮ್ಮೆಗೇ ನಿಲ್ಲಲಿಲ್ಲ. ಸ್ವಲ್ಪ ಹೊತ್ತು ತುಟಿಯ ಮೇಲೆ ಇದ್ದು ಹೋಯಿತು. “ಮೂರು ವರ್ಷ?”

“ಹೂಂ.”

“ನಾನಿಲ್ಲಿ ಬಂದು ಮಲಗಿದ್ದು ಎರಡು ವರ್ಷದ ಹಿಂದೆ.”

ಫೋನಿನೊಳಗೆ ಭಾವ ಹಲೋ ಹಲೋ ಎನ್ನುತ್ತಿದ್ದ. ಅವನು ಬಾಯಿ ತೆರೆದ. ಚಳಿ ಎಂದುಕೊಂಡಿದ್ದೆ ಅಕ್ಕ ಎನ್ನಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಅವಳು ಗ್ಲೌಸ್ ಎಂದಾಗ ತನ್ನ ಬೆರಳುಗಳು ಹೌದು ಹೌದು ಎಂದದ್ದೂ, ತಾನು ಆ ಬೆರಳುಗಳನ್ನು ಮಡಿಚಿಕೊಂಡು ಐವತ್ತಿದೆ ಎಂದದ್ದೂ ನಿಜವಾಗಿತ್ತು. “ಗೊತ್ತಾಗಿತ್ತು,” ಎಂದ. “ಅವತ್ತು ನೀನು ಹೇಳ್ತಿದ್ದಾಗ್ಲೇ ಗೊತ್ತಾಗಿತ್ತು.”

ಅಕ್ಕ ರಿಪೋರ್ಟನ್ನು ಮಂಚದ ಮೇಲಿಟ್ಟಳು. “ಕಾಗದ ಯಾರಿಗೆ ಬೇಕಿತ್ತೋ. ಹೌದಕ್ಕ ಅಂತ ನೀನೊಬ್ಬ ಅಂದಿದ್ರೆ ಸಾಕಿತ್ತು,” ಎಂದು ಎದ್ದು ಬಾಗಿಲಿಗೆ ಹೋದಳು. ಬಾಗಿಲಿಗೆ ಉಕ್ಕಿನ ಗುಂಡು ಹಿಡಿ. ನುಣ್ಣಗೆ, ಹಿಡಿತಕ್ಕೆ ಸಿಗದ್ದು. ಅವಳು ಒಂದು ಕೈಯಲ್ಲಿ ತಿರುಗಿಸಿದಳು, ಎರಡು ಕೈಯಲ್ಲಿ ತಿರುಗಿಸಿದಳು, ಸೆರಗು ಸುತ್ತಿ ತಿರುಗಿಸಿದಳು. ಸರಿ, ತಾನೇ ತೆಗೆಯುತ್ತೇನೆಂದು ಅವನು ಹೋದ. ಎಡಗೈ ಜಾರಿತು, ಬಲಗೈ ಜಾರಿತು. ಒಂದು ವರ್ಷದಿಂದ ಅವನು ಆ ಬಾಗಿಲನ್ನು ಮುಚ್ಚಿಯೇ ಇರಲಿಲ್ಲ. ಗಾಳಿಯಾಡಲಿ ಎಂಬ ನೆಪದಲ್ಲಿ ಸಂದಿಗೆ ಸ್ಟೂಲು ಕೊಟ್ಟಿರುತ್ತಿದ್ದ. ಅಕ್ಕ ಅವನ ಕಡೆ ನೋಡದೆ ಬಾಗಿಲನ್ನೇ ನೋಡುತ್ತ ನಿಂತಳು. ಅಣ್ಣತಮ್ಮಂದಿರು, ಅಕ್ಕತಂಗಿಯರು ಹೀಗೆ ಒಂದು ಬಾಗಿಲ ಮುಂದೆ ಒತ್ತಾಗಿ ನಿಲ್ಲುವುದು ಚಿಕ್ಕಂದಿನಲ್ಲಿ ಮಾತ್ರ. ಅವನು ಬಾಗಿಲು ಬಡಿದ.

“ಯಾರು, ನಾರ್ಮಲ್ ಸಾರಾ?” ಹೊರಗಿನಿಂದ ಸಿಸ್ಟರ್ ಕೇಳಿದರು. “ಲಾಕ್ ಆಗಿಲ್ಲ ಸಾರ್, ಹಿಡಿ ತಿರುಗಿಸಿ.”

ಬೆಂಚಿನ ಮೇಲಿದ್ದವರೆಲ್ಲ ಕಿವಿಗೊಟ್ಟಿದ್ದಾರೆಂದು ಅವನಿಗೆ ತಿಳಿಯಿತು. ಬಾಗಿಲಿಗೆ ಹಣೆ ತಾಗಿಸಿ ಹೇಳಿದ: “ತಿರುಗಿಸೋಕೆ ಆಗ್ತಿಲ್ಲ ಸಿಸ್ಟರ್. ನನ್ನ ಬೆರಳಲ್ಲಿ ಶಕ್ತಿ ಇಲ್ಲ.”

ಹೊರಗೆ ನಗು ಎದ್ದಿತು. ಸಿಸ್ಟರದ್ದು, ಹಿಂದೆಯೇ ಬೆಂಚಿನವರದ್ದು. “ನಿಮ್ಮ ಬೆರಳಲ್ಲಿ ಶಕ್ತಿ ಇಲ್ವಾ? ಒಳ್ಳೇ ತಮಾಷೆ ಮಾಡ್ತೀರ ಸಾರ್.” ಚಪ್ಪಲಿಯ ಸದ್ದು ದೂರ ಹೋಯಿತು.

ಆಗ ಅಕ್ಕ ತಿರುಗಿ ಅವನ ಮುಖ ನೋಡಿದಳು.

“ಇನ್ನೊಂದ್ಸಲ ಹೇಳು,” ಎಂದಳು. “ನಾನು ಎರಡು ವರ್ಷ ಹೇಳಿದೀನಿ.”